ಒಳಮಗ್ಗುಲಿಗೆ ವಾಲುವ ಪಾದಗಳಿಗೆ ಬಲವರ್ಧಕ ವ್ಯಾಯಾಮಗಳು: ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

ವಿಷಯ ಪರಿಚಯ

ನಿಂತಾಗ ಅಥವಾ ನಡೆಯುವಾಗ ಪಾದವು ಒಳಮಗ್ಗುಲಿಗೆ ಅತಿಯಾಗಿ ವಾಲಿ, ಅಂಗಾಲಿನ ಒಳಬದಿಯ ಕಮಾನು ನೆಲದತ್ತ ತಗ್ಗುವುದನ್ನು ವೈದ್ಯಕೀಯ ಪರಿಭಾಷೆಯಲ್ಲಿ ಓವರ್‌ಪ್ರೊನೇಷನ್ ಎಂದು ಕರೆಯಲಾಗುತ್ತದೆ. ಸಾಮಾನ್ಯರ ಮಾತಿನಲ್ಲಿ ಇದು ಚಪ್ಪಟೆ ಪಾದ. ಎರಡೂ ಪದಗಳ ಅರ್ಥ ಪೂರ್ಣವಾಗಿ ಒಂದೇ ಅಲ್ಲ. ಚಪ್ಪಟೆ ಪಾದವೆಂಬುದು ಆಕಾರದ ಹೆಸರು. ಓವರ್‌ಪ್ರೊನೇಷನ್ ಎಂಬುದು ಚಲನೆಯ ಹೆಸರು. ಆದರೆ ಅನೇಕರಲ್ಲಿ ಇವೆರಡೂ ಜೊತೆಯಾಗಿಯೇ ಇರುವುದರಿಂದ ಈ ಪುಟದಲ್ಲಿ ಒಟ್ಟಾಗಿ ವಿವರಿಸಲಾಗಿದೆ.

ಈ ಮಾಹಿತಿಯು ಮುಖ್ಯವಾಗಿ ಮೂರು ವರ್ಗದ ನಾಗರಿಕರಿಗೆ ಸಂಬಂಧಿಸಿದೆ. ಮೊದಲನೆಯವರು ದಿನದ ಬಹುಭಾಗ ಕಾಲಿನ ಮೇಲೆಯೇ ದುಡಿಯುವವರು. ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರಗಳ ವಿದ್ಯುತ್ ಮಗ್ಗದ ಕಾರ್ಮಿಕರು ಗಟ್ಟಿ ಸಿಮೆಂಟು ಅಥವಾ ಫರಸಿ ನೆಲದ ಮೇಲೆ ಪಾಳಿ ಮುಗಿಯುವವರೆಗೂ ನಿಂತಿರುತ್ತಾರೆ. ಮುಧೋಳ ಮತ್ತು ಜಮಖಂಡಿ ಭಾಗದ ಕಬ್ಬು ಕಟಾವಿನ ಆಳುಗಳು ತಲೆಹೊರೆಯೊಡನೆ ಉಬ್ಬುತಗ್ಗಿನ ಎರೆ ನೆಲದಲ್ಲಿ ನಡೆದು, ಹಲಗೆಯ ಮೇಲಿಂದ ಟ್ರ್ಯಾಕ್ಟರ್ ಟ್ರೇಲರನ್ನು ಏರುತ್ತಾರೆ. ಎರಡನೆಯವರು ಪೊಲೀಸ್, ಸೇನೆ ಹಾಗೂ ಕೇಂದ್ರ ಸಶಸ್ತ್ರ ಪಡೆಗಳ ಹುದ್ದೆಗಳಿಗೆ ಅರ್ಜಿ ಸಲ್ಲಿಸುವ ಯುವಜನರು. ಮೂರನೆಯವರು ಮಗುವಿನ ಪಾದ ಚಪ್ಪಟೆಯಾಗಿದೆಯೆಂದು ಚಿಂತಿಸುವ ತಂದೆ ತಾಯಂದಿರು. ಈ ಮೂವರಿಗೂ ಒಂದೇ ಉತ್ತರ ಅನ್ವಯಿಸುವುದಿಲ್ಲ.

ಪಾದದ ಕಮಾನು ಕೆಲಸ ಮಾಡುವ ಬಗೆ

ಪ್ರತಿ ಪಾದದಲ್ಲಿ 26 ಎಲುಬುಗಳಿದ್ದು, ಎರಡೂ ಪಾದಗಳ 52 ಎಲುಬುಗಳು ದೇಹದ ಒಟ್ಟು 206 ಎಲುಬುಗಳ ಕಾಲುಭಾಗಕ್ಕಿಂತ ಹೆಚ್ಚಾಗುತ್ತವೆ. ಇವುಗಳನ್ನು ಕಮಾನಿನ ಆಕಾರದಲ್ಲಿ ಹಿಡಿದಿಡುವುದು ಅಸ್ಥಿರಜ್ಜುಗಳು, ಅಂಗಾಲಿನ ದಪ್ಪ ಪಟ್ಟಿ ಮತ್ತು ಸ್ನಾಯುಗಳು. ಸ್ನಾಯುಗಳ ಪೈಕಿ ಎರಡು ಗುಂಪುಗಳನ್ನು ಗಮನದಲ್ಲಿಟ್ಟುಕೊಂಡರೆ ಸಾಕು. ಒಂದು, ಅಂಗಾಲಿನೊಳಗೇ ಇರುವ ಚಿಕ್ಕ ಸ್ನಾಯುಗಳು. ಇನ್ನೊಂದು, ಮೀನಖಂಡದ ಆಳದಲ್ಲಿ ಹುಟ್ಟಿ, ಒಳಗಣಕಾಲಿನ ಗಂಟಿನ ಹಿಂದಿನಿಂದ ಇಳಿದು, ಕಮಾನಿನ ನೆತ್ತಿಯ ದೋಣಿಯಾಕಾರದ ಎಲುಬಿಗೆ ಕಟ್ಟಿಕೊಂಡಿರುವ ಟಿಬಿಯಾಲಿಸ್ ಪೋಸ್ಟೀರಿಯರ್ ಎಂಬ ಸ್ನಾಯು. ಕಮಾನನ್ನು ಮೇಲಿನಿಂದ ಎತ್ತಿ ಹಿಡಿಯುವ ಮುಖ್ಯ ಹಗ್ಗ ಇದೇ ಆಗಿದೆ.

ಹೆಜ್ಜೆ ಊರಿದಾಗ ಪಾದವು ಸ್ವಲ್ಪ ಒಳಕ್ಕೆ ವಾಲುವುದು ದೋಷವಲ್ಲ. ನೆಲದ ಪೆಟ್ಟನ್ನು ಹೀರಿಕೊಳ್ಳಲು ಅದು ಅಗತ್ಯ. ಮುಂದಿನ ಕ್ಷಣದಲ್ಲಿ ಹಿಮ್ಮಡಿ ಮೇಲೆದ್ದು ಹೆಬ್ಬೆರಳು ಮಡಿದಾಗ ಅಂಗಾಲಿನ ಪಟ್ಟಿ ಬಿಗಿದು ಕಮಾನು ಮತ್ತೆ ಏಳುತ್ತದೆ. ಮಗ್ಗದ ದಿಂಡನ್ನು ತಿರುಗಿಸಿದಾಗ ಹಾಸಿನ ಎಳೆಗಳು ಬಿಗಿಯುವ ರೀತಿಯೇ ಇದು. 1954ರಲ್ಲಿ ಇಂಗ್ಲೆಂಡಿನ ಜೆ.ಎಚ್. ಹಿಕ್ಸ್ ಅವರು ಈ ಕ್ರಿಯೆಯನ್ನು ವಿವರಿಸಿದರು. ವಾಲಿದ ಪಾದವು ಸಕಾಲದಲ್ಲಿ ಮರಳಿ ಏಳದಿದ್ದಾಗ ತೊಂದರೆ ಆರಂಭವಾಗುತ್ತದೆ. ಆಗ ಒಳಗಣಕಾಲು, ಹಿಮ್ಮಡಿ ಮತ್ತು ಮುಂಗಾಲೆಲುಬಿನ ಒಳಬದಿಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಮೊಣಕಾಲೂ ನೋಯುತ್ತದೆ.

ಮನೆಯಲ್ಲಿಯೇ ಪರಿಶೀಲಿಸುವ ವಿಧಾನ

ಅಂಗಾಲನ್ನು ನೀರಿನಲ್ಲಿ ಅದ್ದಿ ಒಣಗಿದ ಫರಸಿ ಕಲ್ಲಿನ ಮೇಲೆ ಊರಿದಾಗ ಮೂಡುವ ಗುರುತನ್ನು ನೋಡುವುದು ಎಲ್ಲರಿಗೂ ತಿಳಿದ ವಿಧಾನ. ಗುರುತಿನ ಒಳಬದಿಯ ಕಚ್ಚು ಇಲ್ಲವಾಗಿದ್ದರೆ ಕಮಾನು ತಗ್ಗಿದೆ ಎಂದರ್ಥ. ಆದರೆ ಈ ಗುರುತು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಇದಕ್ಕಿಂತ ಉಪಯುಕ್ತವಾದದ್ದು ತುದಿಗಾಲಿನ ಪರೀಕ್ಷೆ. ಗೋಡೆಗೆ ಬೆರಳು ತಾಗಿಸಿ ನಿಂತು ಎರಡೂ ಹಿಮ್ಮಡಿಗಳನ್ನು ಮೇಲೆತ್ತಬೇಕು. ಮನೆಯ ಇನ್ನೊಬ್ಬರು ಹಿಂದಿನಿಂದ ನೋಡಬೇಕು. ಕಮಾನು ಕಾಣಿಸಿಕೊಂಡು ಹಿಮ್ಮಡಿಯು ಒಳಮುಖವಾಗಿ ತಿರುಗಿದರೆ ಅದು ಬಾಗುವ ಚಪ್ಪಟೆ ಪಾದ. ತುದಿಗಾಲಿನಲ್ಲಿಯೂ ಪಾದ ಚಪ್ಪಟೆಯಾಗಿಯೇ ಉಳಿದರೆ ಅದು ಬಿಗಿದ ಚಪ್ಪಟೆ ಪಾದವಾಗಿದ್ದು, ಎಲುಬುಗಳು ಒಂದಕ್ಕೊಂದು ಬೆಸೆದಿರುವ ಸಾಧ್ಯತೆ ಇರುತ್ತದೆ. ಅಂಥವರು ಈ ಪುಟದ ವ್ಯಾಯಾಮಗಳನ್ನು ಆರಂಭಿಸುವ ಮೊದಲು ಮೂಳೆ ತಜ್ಞರನ್ನು ಕಾಣತಕ್ಕದ್ದು.

ನಂತರ ಒಂದೇ ಕಾಲಿನಲ್ಲಿ ಹಿಮ್ಮಡಿ ಎತ್ತಿ ನೋಡಬೇಕು. ಒಂದು ಕಾಲಿನಲ್ಲಿ ಸಾಧ್ಯವಾಗಿ ಇನ್ನೊಂದರಲ್ಲಿ ಆಗದಿದ್ದರೆ, ಅದರಲ್ಲಿಯೂ ಮಧ್ಯವಯಸ್ಸಿನ ನಂತರ ಒಂದೇ ಪಾದ ಇತ್ತೀಚೆಗೆ ಚಪ್ಪಟೆಯಾಗುತ್ತಿದ್ದರೆ, ಮೇಲೆ ಹೇಳಿದ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುವಿನ ರಜ್ಜು ಸವೆಯುತ್ತಿರಬಹುದು. ಇದು ಹುಟ್ಟಿನಿಂದ ಬಂದ ಚಪ್ಪಟೆ ಪಾದಕ್ಕಿಂತ ಬೇರೆಯಾದ ಸ್ಥಿತಿ. ನಲವತ್ತು ದಾಟಿದ ಮಹಿಳೆಯರಲ್ಲಿ, ದೇಹತೂಕ ಹೆಚ್ಚಿರುವವರಲ್ಲಿ ಮತ್ತು ಮಧುಮೇಹ ಇರುವವರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಬೇಗ ಗುರುತಿಸಿದಲ್ಲಿ ವ್ಯಾಯಾಮ ಮತ್ತು ಪಾದದ ಆಧಾರದಿಂದ ಅನೇಕರಿಗೆ ಶಸ್ತ್ರಚಿಕಿತ್ಸೆ ತಪ್ಪುತ್ತದೆ. ವರ್ಷಗಟ್ಟಲೆ ನೋವಿನ ಮಾತ್ರೆಯಲ್ಲಿಯೇ ಕಳೆದಲ್ಲಿ ತಪ್ಪುವುದಿಲ್ಲ.

ವ್ಯಾಯಾಮದಿಂದ ಆಗುವುದು ಮತ್ತು ಆಗದಿರುವುದು

ಕಮಾನು ತಗ್ಗಿದ ಪಾದವೆಲ್ಲ ರೋಗವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾದ ಸೇನೆಯ 3,600ಕ್ಕೂ ಹೆಚ್ಚು ಸೈನಿಕರ ಪಾದಗಳನ್ನು ಪರೀಕ್ಷಿಸಿದ ಹ್ಯಾರಿಸ್ ಮತ್ತು ಬೀತ್ ಅವರ ವರದಿಯು 1947ರಲ್ಲಿ ಪ್ರಕಟವಾಯಿತು. ಮೃದುವಾಗಿ ಬಾಗುವ ಚಪ್ಪಟೆ ಪಾದವು ಬಹುತೇಕ ನಿರುಪದ್ರವಿ. ಹಿಮ್ಮಡಿಯ ಮೇಲಿನ ದಪ್ಪ ರಜ್ಜು ಬಿಗಿದಿರುವ ಅಥವಾ ಪಾದದ ಎಲುಬುಗಳು ಬೆಸೆದಿರುವ ಚಪ್ಪಟೆ ಪಾದವೇ ತೊಂದರೆ ಕೊಡುವಂಥದ್ದು ಎಂಬುದು ಅದರ ಸಾರಾಂಶ. ಈ ಭೇದವು ಇಂದಿಗೂ ಚಿಕಿತ್ಸೆಯ ತಳಹದಿಯಾಗಿದೆ. ಆದುದರಿಂದ ನೋವಿಲ್ಲದ, ಸರಾಗವಾಗಿ ಬಾಗುವ ಪಾದಕ್ಕೆ ಯಾವುದೇ ಚಿಕಿತ್ಸೆ ಅಗತ್ಯವಿರುವುದಿಲ್ಲ.

ನೋವಿರುವವರಲ್ಲಿ ವ್ಯಾಯಾಮವು ಸ್ನಾಯುಗಳ ಬಲವನ್ನು, ದಣಿವನ್ನು ತಾಳುವ ಶಕ್ತಿಯನ್ನು ಮತ್ತು ಸಮತೋಲನವನ್ನು ಹೆಚ್ಚಿಸುತ್ತದೆ. ಪಾದ ವಾಲುವ ವೇಗವನ್ನು ಹತೋಟಿಯಲ್ಲಿಡಲು ನೆರವಾಗುತ್ತದೆ. ಸಂಜೆಯ ಹೊತ್ತಿನ ನೋವು ಕಡಿಮೆಯಾಗುವುದು ಇದರ ನಿಜವಾದ ಲಾಭ. ಕಮಾನಿನ ಎತ್ತರದಲ್ಲಿ ಆಗುವ ಬದಲಾವಣೆ ಮಾತ್ರ ಅಲ್ಪ. ಅಂಗಾಲಿನ ಚಿಕ್ಕ ಸ್ನಾಯುಗಳ ವ್ಯಾಯಾಮವನ್ನು ಕೆಲವು ವಾರ ಮಾಡಿಸಿ ಅಳೆದ ಅಧ್ಯಯನಗಳಲ್ಲಿ, ಕಮಾನಿನ ನೆತ್ತಿಯ ಎಲುಬು ಕುಸಿಯುವ ಪ್ರಮಾಣವು ಕಡಿಮೆಯಾದದ್ದು ಕೆಲವೇ ಮಿಲಿಮೀಟರುಗಳಷ್ಟು. ಪೂರ್ಣ ಚಪ್ಪಟೆಯಾದ ವಯಸ್ಕರ ಪಾದದಲ್ಲಿ ವ್ಯಾಯಾಮದಿಂದ ಹೊಸ ಕಮಾನು ಎದ್ದು ನಿಲ್ಲುವುದಿಲ್ಲ. ಒಂದು ತಿಂಗಳಲ್ಲಿ ಕಮಾನು ತರಿಸಿಕೊಡುವುದಾಗಿ ಹೇಳಿ ಹಣ ಪಡೆಯುವ ಜಾಹೀರಾತುಗಳನ್ನು ಈ ಹಿನ್ನೆಲೆಯಲ್ಲಿ ನೋಡತಕ್ಕದ್ದು. ನೇಮಕಾತಿ ರ‍್ಯಾಲಿಗಳ ಕಾಲದಲ್ಲಿ ಇಂತಹ ಭರವಸೆಗಳಿಗೆ ಗಿರಾಕಿಗಳು ಹೆಚ್ಚು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಲವರ್ಧಕ ವ್ಯಾಯಾಮಗಳು

ಇವುಗಳಿಗೆ ಬೇಕಾಗುವ ಸಾಮಗ್ರಿ ಒಂದು ಟವೆಲು, ಒಂದು ಮೆಟ್ಟಿಲು, ಒಂದು ಚೆಂಡು ಮತ್ತು ಒಂದು ಹಳೆಯ ಸೈಕಲ್ ಟ್ಯೂಬು. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿಕೊಂಡರೆ ಸಾಕು. ವ್ಯಾಯಾಮದ ರಬ್ಬರ್ ಪಟ್ಟಿಯನ್ನು ಹಣ ಕೊಟ್ಟು ಕೊಳ್ಳುವ ಅವಶ್ಯಕತೆ ಇಲ್ಲ. ಬರಿಗಾಲಿನಲ್ಲಿ, ಸ್ವಚ್ಛವಾದ ನೆಲದ ಮೇಲೆ ಮಾಡತಕ್ಕದ್ದು.

ಮೊದಲನೆಯದು ಪಾದವನ್ನು ಗಿಡ್ಡಗೊಳಿಸುವ ವ್ಯಾಯಾಮ. ಕುರ್ಚಿ ಅಥವಾ ಕಟ್ಟೆಯ ಮೇಲೆ ಕುಳಿತು ಪಾದವನ್ನು ನೆಲಕ್ಕೆ ಪೂರ್ತಿಯಾಗಿ ಊರಬೇಕು. ಹಿಮ್ಮಡಿ, ಹೆಬ್ಬೆರಳಿನ ಬುಡ ಮತ್ತು ಕಿರುಬೆರಳಿನ ಬುಡ ಈ ಮೂರೂ ನೆಲವನ್ನು ಬಿಡಕೂಡದು. ಈಗ ಬೆರಳುಗಳನ್ನು ಮಡಿಸದೆ ಹೆಬ್ಬೆರಳಿನ ಬುಡವನ್ನು ಹಿಮ್ಮಡಿಯ ಕಡೆಗೆ ಎಳೆದುಕೊಳ್ಳಲು ಪ್ರಯತ್ನಿಸಬೇಕು. ಪಾದ ತುಸು ಗಿಡ್ಡವಾಗಿ ನಡುವಿನ ಭಾಗ ಮೇಲೇಳುತ್ತದೆ. 5 ಸೆಕೆಂಡು ಹಿಡಿದು ಬಿಡುವುದು, ಹೀಗೆ 10 ಬಾರಿ. ಆರಂಭದ ದಿನಗಳಲ್ಲಿ ಅನೇಕರಿಗೆ ಏನೂ ಆಗುತ್ತಿಲ್ಲವೆಂದೇ ಅನಿಸುತ್ತದೆ, ಇಲ್ಲವೇ ಅಂಗಾಲು ಸೆಳೆಯುತ್ತದೆ. ಅದು ಸಹಜ, ಆ ಸ್ನಾಯುಗಳನ್ನು ಬೇಕೆಂದೇ ಬಳಸುವ ಅಭ್ಯಾಸ ಇರುವುದಿಲ್ಲ. ಒಂದು ಕೈಯಿಂದ ಹೆಬ್ಬೆರಳನ್ನು ನೆಲಕ್ಕೆ ಮೆಲ್ಲಗೆ ಒತ್ತಿ ಹಿಡಿದರೆ ಕಲಿಯುವುದು ಸುಲಭ. ಕುಳಿತು ಸರಾಗವಾದ ಮೇಲೆ ನಿಂತು, ತದನಂತರ ಒಂಟಿಗಾಲಿನಲ್ಲಿ ಮಾಡಬಹುದು. ಮಗ್ಗದ ಮುಂದೆ ನಿಂತೇ ಮಾಡಬಹುದಾದ ಏಕೈಕ ವ್ಯಾಯಾಮ ಇದು. ಪಕ್ಕದವರಿಗೆ ತಿಳಿಯುವುದೂ ಇಲ್ಲ.

ಟವೆಲನ್ನು ಬೆರಳುಗಳಿಂದ ಎಳೆದುಕೊಳ್ಳುವ ವ್ಯಾಯಾಮವು ಹೆಚ್ಚು ಪ್ರಚಾರದಲ್ಲಿದೆ. ಅದು ತಪ್ಪಲ್ಲ. ಆದರೆ ಅದರಲ್ಲಿ ಬೆರಳು ಮಡಿಸುವ ಉದ್ದ ಸ್ನಾಯುಗಳು ಹೆಚ್ಚು ದುಡಿಯುವುದರಿಂದ, ಮೇಲಿನ ವ್ಯಾಯಾಮಕ್ಕೆ ಅದು ಬದಲಿಯಾಗುವುದಿಲ್ಲ.

ಎರಡನೆಯದು ಹಿಮ್ಮಡಿ ಎತ್ತುವುದು. ಒಂದನ್ನೇ ಮಾಡಲು ಸಮಯವಿರುವವರು ಇದನ್ನೇ ಆರಿಸಿಕೊಳ್ಳುವುದು ಒಳಿತು. ಗೋಡೆಗೆ ಕೈ ತಾಗಿಸಿ ನಿಂತು, ಎರಡೂ ಹಿಮ್ಮಡಿಗಳ ನಡುವೆ ಟೆನಿಸ್ ಚೆಂಡಿನಷ್ಟು ದಪ್ಪದ ಚೆಂಡನ್ನು ಇಟ್ಟುಕೊಂಡು, ಅದನ್ನು ಮೆಲ್ಲಗೆ ಹಿಸುಕುತ್ತ ಹಿಮ್ಮಡಿಗಳನ್ನು ಎತ್ತಬೇಕು. ಚೆಂಡನ್ನು ಹಿಸುಕಿದಾಗ ಕಮಾನು ಎತ್ತುವ ಸ್ನಾಯು ಕೆಲಸಕ್ಕೆ ಬರುತ್ತದೆ. ಏರಲು 2 ಸೆಕೆಂಡು, ಇಳಿಯಲು 4 ಸೆಕೆಂಡು. ಇಳಿಯುವಾಗಿನ ನಿಧಾನವೇ ಇಲ್ಲಿ ಮುಖ್ಯ; ಧೊಪ್ಪನೆ ಇಳಿದರೆ ಅರ್ಧ ಲಾಭ ಹೋದಂತೆ. 10 ರಿಂದ 15 ಬಾರಿಯಂತೆ 3 ಸುತ್ತು, ಸುತ್ತಿನ ನಡುವೆ ಒಂದು ನಿಮಿಷ ವಿಶ್ರಾಂತಿ. ಇದು ಹಗುರವೆನಿಸಿದ ಮೇಲೆ ಎರಡು ಕಾಲಿನಲ್ಲಿ ಏರಿ ಒಂದು ಕಾಲಿನಲ್ಲಿ ಇಳಿಯುವುದು, ಅನಂತರ ಒಂದೇ ಕಾಲಿನಲ್ಲಿ ಏರಿಳಿಯುವುದು. ತೂಕ ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ಬುಡದ ಮೇಲಿರಬೇಕು. ಕಿರುಬೆರಳಿನ ಕಡೆಗೆ ಹೊರಳಬಾರದು.

ಮೂರನೆಯದು ಟ್ಯೂಬಿನ ಸಹಾಯದಿಂದ ಪಾದವನ್ನು ಒಳಕ್ಕೆ ತಿರುಗಿಸುವುದು. ಟ್ಯೂಬಿನ ಒಂದು ತುದಿಯನ್ನು ಮಂಚದ ಕಾಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ಕುಣಿಕೆ ಮಾಡಿ ಪಾದದ ಮುಂಭಾಗಕ್ಕೆ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತುಕೊಳ್ಳಬೇಕು. ಟ್ಯೂಬು ಪಾದವನ್ನು ಹೊರಕ್ಕೆ ಎಳೆಯುವಂತಿರಬೇಕು. ಹಿಮ್ಮಡಿ ನೆಲದಲ್ಲೇ ಇದ್ದು ಪಾದದ ಮುಂಭಾಗವು ನೆಲದ ಉದ್ದಕ್ಕೂ ಜಾರುತ್ತ ಒಳಕ್ಕೆ ಬರಬೇಕು, ಮೊಣಕಾಲು ಅಲುಗಾಡಕೂಡದು. ನಿಧಾನವಾಗಿ ಹಿಂದಕ್ಕೆ ಬಿಡಬೇಕು. 15 ಬಾರಿಯಂತೆ 2 ಅಥವಾ 3 ಸುತ್ತು. ಒಳಗಣಕಾಲಿನ ಹಿಂದೆ ನೋವಿರುವವರಿಗೆ ಇದು ವಿಶೇಷವಾಗಿ ಉಪಯುಕ್ತ. ಮೊದಲ ವಾರ ಟ್ಯೂಬು ಸಡಿಲವಾಗಿರಲಿ.

ನಾಲ್ಕನೆಯದು ಮೀನಖಂಡವನ್ನು ಸಡಿಲಿಸುವುದು. ಇದು ಬಲ ಹೆಚ್ಚಿಸುವ ವ್ಯಾಯಾಮವಲ್ಲವಾದರೂ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಕುಂಟುತ್ತದೆ. ಹಿಮ್ಮಡಿಯ ಮೇಲಿನ ರಜ್ಜು ಬಿಗಿದಿದ್ದಲ್ಲಿ ಕಣಕಾಲು ಮುಂದಕ್ಕೆ ಸಾಕಷ್ಟು ಬಾಗುವುದಿಲ್ಲ. ಆ ಕೊರತೆಯನ್ನು ತುಂಬಲು ಪಾದವು ನಡುವಿನಲ್ಲಿ ಕುಸಿಯುತ್ತದೆ. ಗೋಡೆಗೆ ಎರಡೂ ಅಂಗೈ ಊರಿ, ಒಂದು ಕಾಲನ್ನು ಹಿಂದಕ್ಕಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಒರಗಬೇಕು. ಹಿಂದಿನ ಪಾದದ ಬೆರಳುಗಳು ನೇರವಾಗಿ ಗೋಡೆಯತ್ತ ಇರಬೇಕು. ಹೊರಕ್ಕೆ ತಿರುಗಿದರೆ ಕಮಾನೇ ಹಿಗ್ಗುತ್ತದೆ, ಮೀನಖಂಡವಲ್ಲ. ಇದನ್ನು ತಡೆಯಲು ಕಮಾನಿನ ಕೆಳಗೆ ಮಡಿಸಿದ ಟವೆಲು ಇಡಬಹುದು. 30 ಸೆಕೆಂಡಿನಂತೆ 3 ಬಾರಿ ಮೊಣಕಾಲು ನೇರವಾಗಿಟ್ಟು, 3 ಬಾರಿ ತುಸು ಮಡಿಸಿ ಮಾಡತಕ್ಕದ್ದು.

ಉಳಿದವು ಸೊಂಟ ಮತ್ತು ಸಮತೋಲನಕ್ಕೆ ಸಂಬಂಧಿಸಿದವು. ಪೃಷ್ಠದ ಹೊರಬದಿಯ ಸ್ನಾಯು ದುರ್ಬಲವಾಗಿದ್ದರೆ ತೊಡೆ ಒಳಕ್ಕೆ ತಿರುಗಿ ಮೊಣಕಾಲನ್ನೂ ಪಾದವನ್ನೂ ತನ್ನೊಡನೆ ಎಳೆಯುತ್ತದೆ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತಿಳಿಸುವುದು, ಮೆಟ್ಟಿಲಿನಿಂದ ಒಂದು ಕಾಲಿನಲ್ಲಿ ನಿಧಾನವಾಗಿ ಇಳಿಯುವುದು, 30 ಸೆಕೆಂಡು ಒಂಟಿಗಾಲಿನಲ್ಲಿ ನಿಲ್ಲುವುದು, ಇಷ್ಟು ಸಾಕು. ಮೆಟ್ಟಿಲಿಳಿಯುವಾಗ ಮೊಣಕಾಲು ಎರಡನೆಯ ಬೆರಳಿನ ನೇರಕ್ಕೇ ಬಾಗಬೇಕು. ಗರಡಿಯಲ್ಲಿ ಬೈಠಕ್ ಹೊಡೆಯುವ ಯುವಕರು ಇದೊಂದನ್ನು ಗಮನಿಸಿದರೆ ಪ್ರತ್ಯೇಕ ಅಭ್ಯಾಸ ಬೇಕಿಲ್ಲ. ಹದಗೊಳಿಸಿದ ಗರಡಿಯ ಮಣ್ಣಿನಲ್ಲಿ ಬರಿಗಾಲಿನ ಕಸರತ್ತು ಪಾದದ ಚಿಕ್ಕ ಸ್ನಾಯುಗಳಿಗೆ ಒಳ್ಳೆಯ ದುಡಿಮೆಯೂ ಹೌದು.

ಅವಧಿ ಮತ್ತು ನೋವಿನ ಮಿತಿ

ವಾರದಲ್ಲಿ 4 ರಿಂದ 5 ದಿನ, ದಿನಕ್ಕೆ 15 ರಿಂದ 20 ನಿಮಿಷ ಮೀಸಲಿಡಬೇಕಾಗುತ್ತದೆ. ಸ್ನಾಯು ಮತ್ತು ರಜ್ಜುಗಳು ಬಲಗೊಳ್ಳಲು 8 ರಿಂದ 12 ವಾರ ಬೇಕು. ಎರಡನೆಯ ವಾರದಲ್ಲಿ ಫಲ ಕಾಣಲಿಲ್ಲವೆಂದು ಬಿಟ್ಟವರಿಗೆ ಹನ್ನೆರಡನೆಯ ವಾರದ ಫಲ ಸಿಗುವುದಿಲ್ಲ. ಮಾಡುವಾಗ ಅಲ್ಪ ನೋವಾಗಿ ಮರುದಿನ ಬೆಳಿಗ್ಗೆಯ ಹೊತ್ತಿಗೆ ಮೊದಲಿನ ಸ್ಥಿತಿಗೆ ಬಂದರೆ ಮುಂದುವರಿಸಬಹುದು. ಮರುದಿನ ನೋವು ಹೆಚ್ಚಿದ್ದರೆ ಸಂಖ್ಯೆಯನ್ನು ಅರ್ಧಕ್ಕೆ ಇಳಿಸತಕ್ಕದ್ದು. ಕಬ್ಬು ಕಟಾವಿನ ಹಂಗಾಮಿನಲ್ಲಿ ದಿನವಿಡೀ ದುಡಿದು ದಣಿದ ಕಾಲಿಗೆ ರಾತ್ರಿ 3 ಸುತ್ತು ಹೇಳುವುದು ನ್ಯಾಯವಲ್ಲ. ಅಂಥವರು ಹಂಗಾಮಿನಲ್ಲಿ ಮೀನಖಂಡ ಸಡಿಲಿಸುವುದಕ್ಕೆ ಮತ್ತು ಪಾದ ಗಿಡ್ಡಗೊಳಿಸುವುದಕ್ಕೆ ಸೀಮಿತಗೊಂಡು, ಬಿಡುವಿನ ತಿಂಗಳುಗಳಲ್ಲಿ ಹಿಮ್ಮಡಿ ಎತ್ತುವುದನ್ನು ಸೇರಿಸಿಕೊಳ್ಳಬಹುದು.

ಯುಗಾದಿಗೆ ಮೊದಲು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತಾದಿಗಳು ಈ ಭಾಗದಲ್ಲಿ ಅನೇಕರಿದ್ದಾರೆ. ಪಾದ ವಾಲುವವರು ಹೊರಡುವ ಮುನ್ನಾ ವಾರದಲ್ಲಿ ಅಭ್ಯಾಸ ಆರಂಭಿಸಿದರೆ ಪ್ರಯೋಜನವಿಲ್ಲ. ಸಂಕ್ರಾಂತಿಯ ಹೊತ್ತಿಗೇ ಆರಂಭಿಸಿ, ನಡೆಯುವ ದೂರವನ್ನು ವಾರದಿಂದ ವಾರಕ್ಕೆ ಹೆಚ್ಚಿಸಿಕೊಳ್ಳುವುದು ಸೂಕ್ತ. ಹೊಸ ಪಾದರಕ್ಷೆಯನ್ನು ಯಾತ್ರೆಯ ಮೊದಲ ದಿನವೇ ಮೆಟ್ಟಬಾರದು.

ವ್ಯಾಯಾಮ ಮಾಡಬಾರದ ಸಂದರ್ಭಗಳು

ಮಧುಮೇಹ ಇರುವವರು ಈ ಭಾಗವನ್ನು ಅವಶ್ಯವಾಗಿ ಓದತಕ್ಕದ್ದು. ಬಹುಕಾಲದ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದಾಗ, ಕೆಲವೊಮ್ಮೆ ಪಾದವು ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ಕಮಾನು ದಿಢೀರನೆ ಕುಸಿಯುತ್ತದೆ. ನೋವು ಇರುವುದಿಲ್ಲ, ಇದ್ದರೂ ಅಲ್ಪ. ನೋವಿಲ್ಲವೆಂಬ ಕಾರಣದಿಂದಲೇ ರೋಗಿಯು ನಡೆಯುತ್ತಲೇ ಇರುತ್ತಾನೆ. ಒಳಗೆ ಎಲುಬುಗಳು ಮುರಿಯುತ್ತಿರುತ್ತವೆ. ಇದನ್ನು ಶಾರ್ಕೋ ಪಾದ ಎನ್ನುತ್ತಾರೆ. ಇದಕ್ಕೆ ವ್ಯಾಯಾಮವೂ ಉಜ್ಜುವುದೂ ಹಾನಿಕರ. ಆ ಕಾಲಿನ ಮೇಲೆ ಭಾರ ಹಾಕುವುದನ್ನು ತಕ್ಷಣ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು. ಚಪ್ಪಟೆ ಪಾದವೆಂದು ಭಾವಿಸಿ ತಡ ಮಾಡಿದಲ್ಲಿ ಪಾದವನ್ನೇ ಕಳೆದುಕೊಳ್ಳುವ ಸಂಭವವಿರುತ್ತದೆ.

ಕುಷ್ಠರೋಗದಿಂದ ಸ್ಪರ್ಶಜ್ಞಾನ ಕಳೆದುಕೊಂಡ ಪಾದಗಳಿಗೂ ಬರಿಗಾಲಿನ ವ್ಯಾಯಾಮ ಸಲ್ಲದು. ಅಂಥವರಿಗೆ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಡಿ ಎಂ.ಸಿ.ಆರ್. ಎಂಬ ಮೃದು ರಬ್ಬರಿನ ಪಾದರಕ್ಷೆಗಳನ್ನು ಉಚಿತವಾಗಿ ನೀಡಲಾಗುತ್ತದೆ. ಪಾದದಲ್ಲಿ ಗಾಯ, ಇತ್ತೀಚಿನ ಮೂಳೆ ಮುರಿತ, ರಾತ್ರಿ ನಿದ್ರೆಗೆಡಿಸುವ ನೋವು, ಬೆರಳುಗಳಲ್ಲಿ ಜೋಮು ಇರುವವರೂ ಮೊದಲು ತಪಾಸಣೆ ಮಾಡಿಸಿಕೊಳ್ಳತಕ್ಕದ್ದು.

ಮಕ್ಕಳ ಪಾದಗಳು ಮತ್ತು ಪಾದರಕ್ಷೆ

ಎಳೆಯ ಮಕ್ಕಳ ಪಾದಗಳೆಲ್ಲವೂ ಚಪ್ಪಟೆಯೇ. ಅಂಗಾಲಿನ ಕೊಬ್ಬು ಕರಗಿ, ರಜ್ಜುಗಳು ಬಿಗಿದು ಕಮಾನು ಮೂಡಲು ಹಲವು ವರ್ಷ ಬೇಕು. ಕೆಲವರಲ್ಲಿ ಹತ್ತನೆಯ ವಯಸ್ಸಿನವರೆಗೂ ಆಗಬಹುದು. ಈ ವಿಷಯದಲ್ಲಿ ನಮ್ಮ ರಾಜ್ಯದಲ್ಲಿಯೇ ನಡೆದ ಅಧ್ಯಯನವೊಂದು ಜಗತ್ತಿನಾದ್ಯಂತ ಉಲ್ಲೇಖಗೊಳ್ಳುತ್ತಿದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4 ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ವರದಿ ಪ್ರಕಟಿಸಿದರು. ಪಾದರಕ್ಷೆ ಬಳಸುವ ಮಕ್ಕಳಲ್ಲಿ ಶೇ. 8.6ರಷ್ಟು, ಬರಿಗಾಲಿನ ಮಕ್ಕಳಲ್ಲಿ ಶೇ. 2.8ರಷ್ಟು ಚಪ್ಪಟೆ ಪಾದ ಕಂಡುಬಂದಿತು. ಬೆರಳು ಮುಚ್ಚುವ ಬೂಟು ಧರಿಸುವವರಲ್ಲಿ ಇದು ಅತಿ ಹೆಚ್ಚು. ಚಪ್ಪಲಿ ಬಳಸುವವರಲ್ಲಿ ಅದಕ್ಕಿಂತ ಕಡಿಮೆ.

ಇದರ ಅರ್ಥ ಮಕ್ಕಳನ್ನು ಹೊಲಗಳಿಗೆ ಬರಿಗಾಲಿನಲ್ಲಿ ಕಳಿಸಬೇಕೆಂದಲ್ಲ. ಕಟಾವಾದ ಕಬ್ಬಿನ ಕೂಳೆ, ಮುಳ್ಳು, ಹಾವು, ಕೊಕ್ಕೆಹುಳು ಇವೆಲ್ಲವೂ ವಾಸ್ತವ. ಮನೆ, ಅಂಗಳ ಮತ್ತು ಸ್ವಚ್ಛ ಆಟದ ಬಯಲಿನಲ್ಲಿ ಬರಿಗಾಲಿನಲ್ಲಿ ಆಡಲು ಬಿಟ್ಟರೆ ಸಾಕು. ದುಬಾರಿ ವಿಶೇಷ ಬೂಟುಗಳಿಂದ ಕಮಾನು ಮೂಡುವುದಿಲ್ಲ. ಅಮೆರಿಕದಲ್ಲಿ ಬಾಗುವ ಚಪ್ಪಟೆ ಪಾದದ ಎಳೆಯ ಮಕ್ಕಳಿಗೆ ಮೂರು ವರ್ಷಗಳ ಕಾಲ ಇಂತಹ ಬೂಟು ಮತ್ತು ಒಳಹಾಸುಗಳನ್ನು ತೊಡಿಸಿ ನೋಡಿದ ಅಧ್ಯಯನವು 1989ರಲ್ಲಿ ಪ್ರಕಟವಾಗಿದ್ದು, ತೊಡದ ಮಕ್ಕಳ ಪಾದಗಳೂ ಅಷ್ಟೇ ಸುಧಾರಿಸಿದ್ದವು. ಆದರೆ ಮಗುವು ನೋವೆನ್ನುತ್ತಿದ್ದರೆ, ಒಂದೇ ಪಾದ ಚಪ್ಪಟೆಯಾಗಿದ್ದರೆ, ಅಥವಾ ತುದಿಗಾಲಿನಲ್ಲಿ ಕಮಾನು ಮೂಡದಿದ್ದರೆ ತೋರಿಸತಕ್ಕದ್ದು.

ವಯಸ್ಕರಲ್ಲಿ ನೋವಿದ್ದಾಗ ಕಮಾನಿಗೆ ಆಧಾರ ಕೊಡುವ ಒಳಹಾಸು ಪ್ರಯೋಜನಕಾರಿ. ಮೊದಲು ಸಿದ್ಧ ಒಳಹಾಸನ್ನು ಬಳಸಿ ನೋಡಿ, ಸಾಲದಿದ್ದರೆ ಮಾತ್ರ ಅಳತೆ ಕೊಟ್ಟು ಮಾಡಿಸಿಕೊಳ್ಳುವುದು ಮಿತವ್ಯಯದ ಮಾರ್ಗ. ಹಿಮ್ಮಡಿಯ ಹಿಂಭಾಗ ಗಟ್ಟಿಯಾಗಿರುವ, ನಡುವಿನಲ್ಲಿ ತಿರುಚಿದರೆ ಸುಲಭವಾಗಿ ತಿರುಚದ ಪಾದರಕ್ಷೆ ಯೋಗ್ಯ. ಅಟ್ಟೆ ಒಳಬದಿಗೆ ಸವೆದ ಹಳೆಯ ಹವಾಯಿ ಚಪ್ಪಲಿಯನ್ನು ಮೆಟ್ಟಿಕೊಂಡು ವ್ಯಾಯಾಮದ ಫಲ ನಿರೀಕ್ಷಿಸುವುದು ಸಾಧುವಲ್ಲ.

ನೇಮಕಾತಿಗೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಚಪ್ಪಟೆ ಪಾದದ ನಿಯಮವು ಎಲ್ಲ ಸೇವೆಗಳಲ್ಲಿ ಒಂದೇ ಅಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಅಧಿಸೂಚನೆಗಳಲ್ಲಿ ಅಭ್ಯರ್ಥಿಗೆ ಕೂಡುಮೊಣಕಾಲು, ಚಪ್ಪಟೆ ಪಾದ, ಉಬ್ಬಿದ ರಕ್ತನಾಳ ಹಾಗೂ ಮೆಳ್ಳೆಗಣ್ಣು ಇರಕೂಡದೆಂದು ನೇರವಾಗಿ ನಮೂದಿಸಲಾಗಿರುತ್ತದೆ. ಸಶಸ್ತ್ರ ಪಡೆಗಳ ವೈದ್ಯಕೀಯ ಮಾನದಂಡಗಳಲ್ಲಿ ಭೇದವಿದೆ: ತುದಿಗಾಲಿನಲ್ಲಿ ನಿಂತಾಗ ಕಮಾನು ಮರಳಿ ಕಾಣಿಸಿಕೊಂಡು, ಅಭ್ಯರ್ಥಿಯು ತುದಿಗಾಲಿನಲ್ಲಿ ಚೆನ್ನಾಗಿ ಜಿಗಿದು ಓಡಬಲ್ಲವನಾಗಿದ್ದು, ಪಾದವು ಮೃದುವೂ ನೋವುರಹಿತವೂ ಆಗಿದ್ದಲ್ಲಿ ಅರ್ಹನೆಂದು ಪರಿಗಣಿಸಲಾಗುತ್ತದೆ, ಬಿಗಿದ ಅಥವಾ ತೀವ್ರ ಚಪ್ಪಟೆ ಪಾದವನ್ನು ಅನರ್ಹತೆಯೆಂದು ಪರಿಗಣಿಸಲಾಗುತ್ತದೆ.

ಬಾಗುವ ಪಾದವುಳ್ಳ ಅಭ್ಯರ್ಥಿಗೆ ವ್ಯಾಯಾಮವು ಸಹಾಯಕವಾಗುವುದು ಇಲ್ಲಿಯೇ. ಕಮಾನಿನ ಆಕಾರ ಬದಲಾಗದಿದ್ದರೂ ತುದಿಗಾಲಿನ ಸಾಮರ್ಥ್ಯವನ್ನು ಮೂರು ತಿಂಗಳಲ್ಲಿ ಗಣನೀಯವಾಗಿ ಹೆಚ್ಚಿಸಿಕೊಳ್ಳಬಹುದು. ವರ್ಷಗಟ್ಟಲೆ ಓಟದ ಅಭ್ಯಾಸ ಮಾಡಿ, ದೈಹಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕೊನೆಯ ದಿನ ವೈದ್ಯರ ಮುಂದೆ ಮೊದಲ ಬಾರಿಗೆ ಪಾದದ ವಿಷಯ ತಿಳಿಯುವುದು ಕುಟುಂಬಕ್ಕೆ ದೊಡ್ಡ ಆಘಾತ. ಆದ್ದರಿಂದ ಅರ್ಜಿ ಸಲ್ಲಿಸುವ ಮೊದಲೇ ತುದಿಗಾಲಿನ ಪರೀಕ್ಷೆ ಮಾಡಿಕೊಂಡು, ಸಂದೇಹವಿದ್ದಲ್ಲಿ ಮೂಳೆ ತಜ್ಞರ ಅಭಿಪ್ರಾಯ ಪಡೆದು, ತಮಗೆ ಅನ್ವಯಿಸುವ ಹುದ್ದೆಯನ್ನು ಆಯ್ದುಕೊಳ್ಳುವುದು ಉಚಿತ. ಅನರ್ಹರೆಂದು ಘೋಷಿತರಾದವರು ಮರುಪರೀಕ್ಷೆ ಕೋರಲು ಅವಕಾಶವಿದ್ದಲ್ಲಿ, ಅಧಿಸೂಚನೆಯಲ್ಲಿ ಹೇಳಿದ ಗಡುವಿನೊಳಗೆ ಮತ್ತು ಹೇಳಿದ ನಮೂನೆಯಲ್ಲಿಯೇ ಕೋರಬೇಕು. ಖಾಸಗಿಯಾಗಿ ಪಡೆದ ಪ್ರಮಾಣಪತ್ರವು ನೇಮಕಾತಿ ಮಂಡಳಿಯ ವೈದ್ಯರ ತೀರ್ಮಾನವನ್ನು ತಾನಾಗಿ ರದ್ದುಪಡಿಸುವುದಿಲ್ಲ.

ಸೇವೆ ಪಡೆಯುವ ವಿಧಾನ

ಮೊದಲ ತಪಾಸಣೆಗೆ ಸಮೀಪದ ಪ್ರಾಥಮಿಕ ಅಥವಾ ಸಮುದಾಯ ಆರೋಗ್ಯ ಕೇಂದ್ರಕ್ಕೆ ಹೋಗಬಹುದು. ಜಮಖಂಡಿ, ಮುಧೋಳ ಮತ್ತು ಬೀಳಗಿಯ ತಾಲ್ಲೂಕು ಮಟ್ಟದ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಹೊರರೋಗಿ ತಪಾಸಣೆ ಲಭ್ಯವಿದ್ದು, ಹೆಚ್ಚಿನ ಪರೀಕ್ಷೆ ಬೇಕಾದಲ್ಲಿ ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಗೆ ಶಿಫಾರಸು ಪಡೆಯಬಹುದು. ಪಾದದ ನೋವಿಗೆ ನೇರವಾಗಿ ಮೀರಜ ಅಥವಾ ಬೆಳಗಾವಿಯ ಖಾಸಗಿ ಆಸ್ಪತ್ರೆಗೆ ತೆರಳಿ ಪ್ರಯಾಣ ಮತ್ತು ಸ್ಕ್ಯಾನಿಂಗಿಗೆ ಹಣ ವ್ಯಯಿಸುವ ಮೊದಲು ಈ ಹಂತವನ್ನು ಬಳಸಿಕೊಳ್ಳುವುದು ಲೇಸು. ಬಾಗುವ ಚಪ್ಪಟೆ ಪಾದವನ್ನು ಗುರುತಿಸಲು ವೈದ್ಯರ ಕಣ್ಣು ಮತ್ತು ಕೈ ಸಾಕಾಗುತ್ತವೆ. ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳ ಮಕ್ಕಳನ್ನು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಬಂದಾಗ ತೋರಿಸಬಹುದು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಅಗತ್ಯವಾದಲ್ಲಿ ಆಧಾರ್ ಮತ್ತು ಪಡಿತರ ಚೀಟಿಯನ್ನು ಜೊತೆಗೆ ತರಬೇಕು. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರಲ್ಲಿ ಹೆಸರಿಸಿರುವ 21 ಅಂಗವೈಕಲ್ಯಗಳಲ್ಲಿ ಚಪ್ಪಟೆ ಪಾದವು ಪ್ರತ್ಯೇಕವಾಗಿ ಸೇರಿರುವುದಿಲ್ಲ. ಪಾದದ ತೊಂದರೆಯಿಂದ ಚಲನೆಗೆ ಗಂಭೀರ ಅಡಚಣೆ ಉಂಟಾದವರು ಚಲನಾಂಗದ ಅಂಗವೈಕಲ್ಯದ ಅಡಿಯಲ್ಲಿ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಸಲ್ಲಿಸಬಹುದಾಗಿದ್ದು, ಪ್ರಮಾಣವನ್ನು ವೈದ್ಯಕೀಯ ಪ್ರಾಧಿಕಾರವು ನಿರ್ಧರಿಸುತ್ತದೆ. ಮೀಸಲಾತಿಯಂತಹ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಇರಬೇಕು. ತಪಾಸಣೆಗೆ ಬರುವಾಗ ದಿನನಿತ್ಯ ಬಳಸುವ ಹಳೆಯ ಚಪ್ಪಲಿ ಅಥವಾ ಬೂಟುಗಳನ್ನು ತರತಕ್ಕದ್ದು. ಹೊಸದನ್ನು ಮೆಟ್ಟಿಕೊಂಡು ಬಂದಲ್ಲಿ ಅಟ್ಟೆಯ ಸವೆತದಿಂದ ತಿಳಿಯಬಹುದಾದ ವಿಷಯ ವೈದ್ಯರಿಗೆ ತಿಳಿಯದೆ ಹೋಗುತ್ತದೆ.